ಮೈ ಇಲ್ಲಿ, ಮನಸ್ಸು ಎಲ್ಲೋ

ಮನೆಯಿಂದ,
ಮಾರ್ಚ್ ೯, ಭಾನುವಾರ

ನನ್ನವರಿಗೆ,

ಹೇಗಿದ್ದೀರಿ? ಸೇತುವೆ ಕೆಲಸದ ಕಡೆ ಬಿಸಿಲು ಜೋರಂತೆ. ಬೆಸುಗೆಯ ಕಿಡಿಗೆ ಕಣ್ಣು ಉರಿಯುತ್ತಿಲ್ಲ ತಾನೆ? ನಮ್ಮ ಕನ್ನಡಕದ ಅಂಗಡಿಯಲ್ಲಿ ನಾನೇ ಕಪ್ಪು ಗಾಜು ಕೂರಿಸಿ ಕಳಿಸಿದ ಕನ್ನಡಕ ಹಾಕಿಕೊಳ್ಳಿ. ಪೆಟ್ಟಿಗೆಯಲ್ಲಿಟ್ಟು ಕಾಯುವುದಕ್ಕೆ ಅದೇನು ಒಡವೆಯಲ್ಲ. ಅತ್ತೆ ಚೆನ್ನಾಗಿದ್ದಾರೆ. ಮಂಡಿನೋವು ಇಳಿದಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು.

ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಅತ್ತೆ ಪಕ್ಕದಲ್ಲಿರುತ್ತಾರೆ, ಅಲ್ಲಿ ನಿಮ್ಮ ಜೊತೆಗಾರರು. ಅದಕ್ಕೇ ಬರೆಯುತ್ತಿದ್ದೇನೆ. ಹೊರಡುವ ದಿನ ಚಪ್ಪಲಿ ಮೆಟ್ಟುತ್ತಾ ನೀವು ಅಂದಿರಿ: “ನಿನ್ನ ಪಕ್ಕ ಮಲಗಿದ್ರೂ ನಾನು ಒಬ್ಬನೇ ಅನ್ಸುತ್ತೆ. ನಾನು ಬೇಡವಾಗಿದ್ರೆ ಹೇಳಿಬಿಡು.” ಬೇಡವಾಗಿರಲಿಲ್ಲ. ನೀವು ಹತ್ತಿರ ಬಂದಾಗ ನನಗೂ ಆಸೆಯಿರುತ್ತಿತ್ತು. ಅಷ್ಟರಲ್ಲಿ ಫ್ಯಾನಿನ ಸದ್ದು ಕಿವಿಗೆ ಬೀಳುತ್ತಿತ್ತು, ಅಲ್ಲಿಂದ ನೆನೆಹಾಕಿದ ಬಟ್ಟೆ, ಬಟ್ಟೆಯಿಂದ ಅಂಗಡಿಯಲ್ಲಿ ಅರ್ಧ ಬಿಟ್ಟು ಬಂದ ಗಾಜು. ಮನಸ್ಸು ವಾಪಸ್ ಬರುವಷ್ಟರಲ್ಲಿ ಮೈ ತಣ್ಣಗಾಗಿ ಬರೀ ನೋವು ಉಳಿದಿರುತ್ತಿತ್ತು. ಬರಬರುತ್ತಾ ಆ ನೋವಿನ ಹೆದರಿಕೆಗೇ ಗೋಡೆ ಕಡೆ ತಿರುಗಿ ಮಲಗತೊಡಗಿದೆ.

ನೀವು ಹೋದ ಮೇಲೆ ಹೆಂಗಸರ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆ ಮಾಡಿ, ಮೈಯಲ್ಲಿ ಏನೂ ತೊಂದರೆಯಿಲ್ಲ ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, “ಆ ಹೊತ್ತಲ್ಲಿ ಮನಸ್ಸಲ್ಲಿ ಏನ್ ಓಡ್ತಿರುತ್ತೆ?” ಎಂದು ಕೇಳಿದರು.

“ಬಕೆಟ್ಟಲ್ಲಿರೋ ಬಟ್ಟೆ,” ಎಂದೆ.

ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. “ಚಿಕ್ಕಂದಿನಿಂದ್ಲೂ ಹೀಗೇನಾ?” ಎಂದರು. ಶಾಲೆಯಲ್ಲಿ ಕಿಟಕಿ ನೋಡುತ್ತಾ ತಿಂದ ಬೈಗುಳ, ದಿನಾ ಉಕ್ಕುವ ಹಾಲು, ಮರೆತ ಗರ್ಭನಿರೋಧಕ ಮಾತ್ರೆಗಳು, ಆದರೆ ಕನ್ನಡಕದ ಸಣ್ಣ ತಿರುಪು ಕೈಗೆ ಬಂದರೆ ಊಟವನ್ನೇ ಮರೆಯುವುದು, ಎಲ್ಲ ಹೇಳಿಬಿಟ್ಟೆ. ಅವರು ಮನೋವೈದ್ಯರ ಬಳಿಗೆ ಕಳಿಸಿದರು. ಕೆಲವು ಭೇಟಿಗಳ ಮೇಲೆ ಗೊತ್ತಾಯಿತು: ಇದು ಮೊದಲಿಂದಲೂ ಇದ್ದ ಗಮನದ ತೊಂದರೆ, ಎಡಿಎಚ್‌ಡಿ ಅಂತ ಹೆಸರು, ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ. “ಪ್ರೀತಿ ಕಮ್ಮಿ ಅಂತಲ್ಲಮ್ಮಾ, ಗಮನ ಜಾರಿದ್ರೆ ಮೈಯೂ ಅದರ ಹಿಂದೆ ಹೋಗುತ್ತೆ,” ಎಂದರು ಆ ಮನೋವೈದ್ಯರು. ಚಿಕ್ಕಂದಿನಿಂದ ‘ಬೇಜವಾಬ್ದಾರಿ’ ಎನ್ನಿಸಿಕೊಂಡ ಭಾರವೆಲ್ಲ ಒಂದೇ ಸಲ ಇಳಿದಂತಾಗಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಇದಕ್ಕೆ ಮಾತ್ರೆ ಶುರುವಾಗಿದೆ. ಮೊದಮೊದಲು ಹಸಿವೇ ಸತ್ತುಹೋಗಿತ್ತು; ಪ್ರಮಾಣ ಇಳಿಸಿದರು, ಈಗ ಪರವಾಗಿಲ್ಲ. ಆದರೆ ನುಂಗಿದ ಕೂಡಲೇ ಎಲ್ಲ ಸರಿಹೋಗುವಂಥದ್ದಲ್ಲ. ಮಿಕ್ಕದ್ದನ್ನು ನಾವಿಬ್ಬರೂ ಕಲಿಯಬೇಕಂತೆ. ಸುಸ್ತಾದ ರಾತ್ರಿಯೇ ಆಗಬೇಕೆಂದಿಲ್ಲ, ಅವಸರ ಬೇಡ, ಮನಸ್ಸು ಹಾರಿದರೆ ನಾಚದೆ “ಒಂದ್ನಿಮಿಷ” ಅನ್ನಬೇಕು, ನೋವಾದರೆ ನಿಲ್ಲಿಸಬೇಕು. ನನಗೆ ಏನು ಹಿತವೆಂದು ನೀವು ಕೇಳಿದ್ದಿಲ್ಲ, ಕೇಳಿದ್ದರೂ ಹೇಳುವುದಕ್ಕೆ ನನಗೇ ಗೊತ್ತಿರಲಿಲ್ಲ. ಈಗೀಗ ಗೊತ್ತಾಗುತ್ತಿದೆ. ಇದನ್ನು ಬರೆಯುವಾಗ ಕೆನ್ನೆ ಬಿಸಿಯಾಗಿದೆ, ನಗಬೇಡಿ.

ಹೊತ್ತುಹೊತ್ತಿಗೆ ಊಟ ಮಾಡಿ. ಎತ್ತರಕ್ಕೆ ಹತ್ತುವಾಗ ಸೊಂಟದ ಪಟ್ಟಿ ಕಟ್ಟಿಕೊಳ್ಳಿ. ಅತ್ತೆಯ ಆಶೀರ್ವಾದ, ನನ್ನದು ಬರೀ ಪ್ರೀತಿ.

ಇಂತಿ,
ನಿಮ್ಮ ಮರೆಗುಳಿ

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು. ಅಂಗಡಿಗೆ ಒಂದು ವಾರ ರಜೆ ಹಾಕಿ ಶುಕ್ರವಾರ ಸಂಜೆಯ ರೈಲಿಗೆ ನಿಮ್ಮಲ್ಲಿಗೆ ಬರುತ್ತಿದ್ದೇನೆ. ಅತ್ತೆ, “ಹೋಗಿ ಬಾ, ಮನೆ ಎಲ್ಲೂ ಓಡಿಹೋಗಲ್ಲ” ಅಂದರು. ಇಳಿಯುವುದು ಮರೆತು ನಾನು ಮುಂದೆ ಹೋದರೂ ಹೋದೇನು. ನೀವು ಒಂದು ಸ್ಟೇಷನ್ ಹಿಂದಕ್ಕೇ ಬಂದು ನನ್ನ ಬೋಗಿ ಹತ್ತಿಕೊಳ್ಳಿ.