ಗವಾಕ್ಷಿ ಅಂತ ಬರೆದ ಕಿಂಡಿ

ಸತ್ಯನಾರಾಯಣಪೇಟೆ, ಬಳ್ಳಾರಿ
18 ಫೆಬ್ರವರಿ 2025

ಗೆಳೆಯ ಓಬಣ್ಣಗ,

ನಾನು ಶರಣು ಅನ್ನೋದು, ನೀನು ಜೈಭೀಮ್ ಅನ್ನೋದು, ಆಮ್ಯಾಲೆ ಇಬ್ಬರೂ ನಕ್ಕಂತ ಟೀ ಅಂಗಡಿಗೆ ಹೋಗೋದು. ಮೂವತ್ತೆರಡು ವರ್ಷ ಕಾಲುವೆ ಆಫೀಸಿನಾಗ ಇದ ನಡೀತಲ್ಲ. ಈಗ ಏನಂತ ಶುರು ಮಾಡಬೇಕೋ ತಿಳೀವಲ್ದು. ಎರಡೂ ಹೇಳ್ತೀನಿ, ನಿನಗ ಬೇಕಾದ್ದು ತಗೋ. ಕಾಗದ ಬರೆಯೋದು ತಡ ಆತು, ಅದಕ್ಕ ಬ್ಯಾಸರ ಮಾಡಿಕ್ಯಾಬ್ಯಾಡ. ಬ್ಯಾಸರ ಮಾಡಿಕೆಳ್ಳಾಕ ಇದಕ್ಕಿಂತ ದೊಡ್ಡದು ಮುಂದೈತಿ.

ಹನ್ನೆರಡು ದಿನದಿಂದ ಫೋನ್ ಮಾಡಾಕ ಹತ್ತೀನಿ, ನೀ ಎತ್ತವಲ್ಲಿ. ಮೊದಮೊದಲು ಚಾರ್ಜ್ ಇಲ್ಲೇನೋ, ಸಿರುಗುಪ್ಪದಾಗ ಕರೆಂಟ್ ಹೋಗೈತೇನೋ ಅಂತ ನನಗ ನಾನ ಸುಳ್ಳು ಹೇಳಿಕೆಂಡೆ. ನಮ್ಮಾಕಿ ಗುರುಬಸಮ್ಮ ಅಡಿಗಿಮನಿಲಿಂದ, "ಕರೆಂಟ್ ಹೋಗಿಲ್ಲ, ಆ ಮನುಷ್ಯಗ ನಿಮ್ಮ ಧ್ವನಿ ಕೇಳಾಕ ಮನಸಿಲ್ಲ" ಅಂದ್ಳು. ಆಕಿ ಮೊಣಕಾಲು ನೋವು ಹಂಗ ಐತಿ, ನಾಲಿಗಿ ಮಾತ್ರ ಚಂದಾಗೈತಿ. ಆಕಿ ಅಂದದ್ದು ಖರೇನ.

ನಡೆದದ್ದನ್ನ ಅಕ್ಷಿತಾ ಹೇಳಿರ್ತಾಳ. ಆದ್ರ ಆಕಿಗೆ ಕಂಡಷ್ಟ ಹೇಳಿರ್ತಾಳ. ನಾನು ಮೊದಲಿಂದ ಹೇಳ್ತೀನಿ. ಸಿಟ್ಟು ಬಂದ್ರೂ ಪೂರಾ ಓದು ಮಾರಾಯ, ನಡುವ ಹರಿದು ಒಗೀಬ್ಯಾಡ.

ನಿನ್ನ ಮಗಳು ನಮ್ಮ ದೊಡ್ಡಪ್ಪನ ಮನಿ ತಗಂಡಾಗ ನನಗಾದ ಸಂತೋಷ ಸುಳ್ಳಲ್ಲ. ದೊಡ್ಡಪ್ಪನ ಮಕ್ಕಳು ಅದನ್ನ ಎಂದೋ ಮಾರಿ ಹೋಗಿದ್ರು, ನಡುವ ಒಬ್ಬ ಬಟ್ಟಿ ವ್ಯಾಪಾರಿ ಗೋಡೌನ್ ಮಾಡಿಕೆಂಡಿದ್ದ. ಕೆಳಗ ಹಲ್ಲಿನ ದವಾಖಾನಿ, ಮ್ಯಾಲೆ ಮನಿ ಅಂತ ಅಕ್ಷಿತಾ ನಕಾಶಿ ತಂದು ತೋರಿಸಿದ ದಿನ ನಾನು ಓಣಿಗೆಲ್ಲ ಹೇಳಿಕೆಂತ ಅಡ್ಡಾಡಿದೆ, ನಮ್ಮ ಓಬಣ್ಣನ ಮಗಳು ನಮಗ ಮೂರು ಮನಿ ಆಚೆ ಬರ್ತಾಳ ಅಂತ. "ಮನಿ ತೆರೆಯೋ ದಿನ ಅಜ್ಜಿ ಕೈಲೇ ಬಾಗ್ಲ ತೆಗಸ್ತೀನಿ ಕಾಕಾ" ಅಂದಿದ್ಳು. ಎಂಬತ್ತೇಳು ವರ್ಷದ ನಿಮ್ಮವ್ವ ಊರಮ್ಮ ಆ ಕಟ್ಟಿ ಹತ್ತಿ ಬರೋದು ನೋಡಬೇಕು ಅಂತ ನನಗೂ ಭಾಳ ಆಸೆ ಇತ್ತು.

ಈಗ ನಮ್ಮ ಓಣಿಯಾಗ ಹಳೇ ಮನಿ ಮುಂಭಾಗ ಯಾರು ಮುಟ್ಟಬೇಕಂದ್ರೂ ಮೊದಲು ಓಣಿ ಸಮಿತಿ ನೋಡಿ ಹ್ಞೂಂ ಅನ್ನಬೇಕು. ಐದು ಮಂದಿ ಅದೀವಿ. ಅಧ್ಯಕ್ಷ ಪ್ರಭುಲಿಂಗ, ರಿಟೈರ್ಡ್ ಲೆಕ್ಚರರು, ಹಳೇ ಕಲ್ಲು ಕಂಡ್ರ ಚಪ್ಪಲಿ ಬಿಡೋ ಮನುಷ್ಯ. ನಾನು ನಕಾಶಿ ಬರೆದಾಂವ ಅಂತ ಸ್ಥಳ ನೋಡಿ ವರದಿ ಬರೆಯೋ ಕೆಲಸ ನನಗ ಹಚ್ಚ್ಯಾರ. ನನ್ನ ಅಕ್ಷರದ ಮ್ಯಾಲೆ ನನಗೆಷ್ಟು ಸೊಕ್ಕು ಅಂತ ನಿನಗ ಗೊತ್ತೈತಲ್ಲ. ಕರದ ಕೂಡ್ಲೆ ಹೋಗಿ ಕುಂತೆ.

ಅಕ್ಷಿತಾ ಅರ್ಜಿಯಾಗ ನಾಕು ಕೇಳಿದ್ಳು. ಗಾಜಿನ ಬಾಗ್ಲ, ಅದಕ್ಕ ಹ್ಞೂಂ ಅಂದ್ವಿ. ಗ್ವಾಡಿಗೆ ಎಸಿ ಡಬ್ಬಿ, ಹ್ಞೂಂ ಅಂದ್ವಿ. ಹಲಸಿನ ಹಣ್ಣಿನಷ್ಟು ದೊಡ್ಡ ಹಲ್ಲಿನ ಚಿತ್ರ ಇರೋ ಲೈಟಿನ ಬೋರ್ಡು, ಅದಕ್ಕೂ ಹ್ಞೂಂ ಅಂದ್ವಿ. ನಾಕನೇದು, ತಲಿಬಾಗ್ಲ ಬಲಕ್ಕಿರೋ ಕಿಂಡಿಯ ಕಲ್ಲು ಕಿತ್ತು, ಗಾರಿ ಹಚ್ಚಿ, ಇತ್ತೋ ಇಲ್ಲೋ ಅನ್ನಂಗ ಮುಚ್ಚೋದು. ಅದೊಂದಕ್ಕ ಬ್ಯಾಡ ಅಂದ್ವಿ. ಯಾಕಂದ್ರ ನನ್ನ ವರದಿಯಾಗ ಹಿಂಗಿತ್ತು: "ಕೆತ್ತನೆಯ ಕಲ್ಲಿನ ಚೌಕಟ್ಟುಳ್ಳ ಪುರಾತನ ಗವಾಕ್ಷಿ. ಗಾಳಿ ಬೆಳಕಿಗಾಗಿ ನಿರ್ಮಿತ. ಈ ಓಣಿಯಲ್ಲಿ ಉಳಿದಿರುವುದು ಇದೊಂದೇ. ಯಥಾಸ್ಥಿತಿ ಕಾಪಾಡತಕ್ಕದ್ದು." ಪ್ರಭುಲಿಂಗ ಅದನ್ನ ಎರಡು ಸಲ ಓದಿ, ಕುರುಗೋಡಿನ ಕಲ್ಲುಕುಟಿಗರ ಕೈ ಇದು ಅಂತ ಕೊಂಡಾಡಿದ.

ಗವಾಕ್ಷಿ ಅಂತ! ನಮ್ಮ ಮನಿಯಾಗ ಯಾರು ಅದಕ್ಕ ಗವಾಕ್ಷಿ ಅಂದಿದ್ರಲೇ? ಎಲ್ಲಾರೂ ಅಂತಿದ್ದದ್ದು ನೀರಿನ ಕಿಂಡಿ. ಕೊಳಗಲ್ಲಿನ ಹೊಲದಾಗ ದುಡಿಯೋ ನಿಮ್ಮ ಮಂದಿ ಶನಿವಾರ ಕೂಲಿ ಜ್ವಾಳಕ್ಕ ಬಂದ್ರ ಕಟ್ಟಿ ಹತ್ತಂಗಿದ್ದಿಲ್ಲ. ಕೆಳಗ ರಸ್ತೆದಾಗ ನಿಂತು ಉಡಿ ಒಡ್ಡಬೇಕು, ಬೊಗಸಿ ಒಡ್ಡಬೇಕು. ಒಳಗ ಕುಂತೋರು ಆ ಕಿಂಡಿಲಿಂದ ಜ್ವಾಳ ಸುರೀಬೇಕು, ನೀರು ಹೊಯ್ಯಬೇಕು. ಕಲ್ಲನ್ನ ಹೊರಮುಖ ಇಳಿಜಾರು ಮಾಡಿ ಕುಂದ್ರಿಸ್ಯಾರ. ಒಳಗಿನೋರಿಗೆ ಹೊರಗಿನೋರು ತಲಿಲಿಂದ ಕಾಲತನಕ ಕಾಣ್ತಾರ, ಹೊರಗಿನೋರಿಗೆ ಒಂದು ಚಂಬು, ಒಂದು ಕೈ, ಅಷ್ಟ. ಗಾಳಿಗೆ ಇಳಿಜಾರು ಯಾಕ ಬೇಕು? ಜೀವನಪೂರ್ತಿ ತೂಬಿನ ನಕಾಶಿ ಬರೆದಾಂವಗ ಇದು ತಿಳಿಯಂಗಿಲ್ಲೇನು?

ತಿಳೀತಿತ್ತು. ಊರಮ್ಮವ್ವ ಅಲ್ಲಿ ನಿಂತದ್ದೂ ಗೊತ್ತಿತ್ತು. ಎಲ್ಲ ಗೊತ್ತಿದ್ದ ಬರೆದೆ. ಸಮಿತಿ ವರದಿ ಅಂದ್ರ ಫೈಲ್ ಆಕ್ಕತಿ, ನಾಳೆ ಯಾರ್ಯಾರೋ ಓದ್ತಾರ. ದೊಡ್ಡಪ್ಪನ ಫೋಟೋಕ್ಕ ಇವತ್ತಿಗೂ ನಮ್ಮ ಪಡಸಾಲಿಯಾಗ ಹೂವು ಹಾಕ್ತೀವಿ. ಆತನ ಮನಿ ಮ್ಯಾಲೆ ಈ ಮಾತು ನನ್ನ ಕೈಲೇ ಬರೀಲೇನು ಅಂತ ಪೆನ್ನು ನಿಂತುಬಿಡ್ತು. ಮುಚ್ಚ್ರಿ ಅಂತ ಬರೆದ್ರ ಯಾಕ ಅಂತ ಕೇಳ್ತಾರ. ಗವಾಕ್ಷಿ ಅಂದ್ರ ಯಾರೂ ಏನೂ ಕೇಳಂಗಿಲ್ಲ.

ಆದ್ರ ನಿನ್ನ ಮಗಳು ಕೇಳಿದ್ಳು. ಆರನೇ ತಾರೀಕಿನ ಮೀಟಿಂಗಿನಾಗ ಎದ್ದು ನಿಂತು, "ಕಾಕಾ, ನೀವು ಈ ಮನಿಯಾಗ ಆಡಿ ಬೆಳೆದೋರು. ಅದು ಏನಕ್ಕಿತ್ತು?" ಅಂದ್ಳು. ಎಲ್ಲಾರೂ ನನ್ನ ಕಡಿ ತಿರುಗಿದ್ರು. "ಗಾಳಿಗವ್ವಾ" ಅಂದೆ. ಆಕಿ ಒಂದು ಚಣ ನನ್ನ ಮುಖಾನ ನೋಡಿ, "ಆತು ಕಾಕಾ" ಅಂದು ನಕಾಶಿ ಸುತ್ತಿಕೆಂಡು ಹೋದ್ಳು. ಆಕಿಗೆ ಮೊದಲ ಗೊತ್ತಿತ್ತು ಓಬಣ್ಣ. ನನ್ನ ಬಾಯಿಂದ ಬರಲಿ ಅಂತ ದಾರಿ ಕೊಟ್ಟಿದ್ಳು. ನಾ ಆ ದಾರೀನ ಬಿಟ್ಟೆ.

ಮರುದಿನ ಗುರುಬಸಮ್ಮ ಆಕಿ ಹತ್ರ ಹೋಗಿ ಕೇಳಿಕೆಂಡು ಬಂದ್ಳು. ಆ ತೂತು ಇರೋತನಕ ನಾ ಆ ಕಟ್ಟಿ ಹತ್ತಂಗಿಲ್ಲ ಅಂತ ಊರಮ್ಮವ್ವ ಹೇಳಿಬಿಟ್ಟಾಳಂತ. ಅಜ್ಜಿ ಬರದ ಮನಿ ನನಗೂ ಬ್ಯಾಡ, ಮಾರಿಬಿಡ್ತೀನಿ ಅಂತ ಅಕ್ಷಿತಾ. ನಮ್ಮಾಕಿ ತಾಟು ಮುಂದ ಕುಕ್ಕಿ, "ಉಣ್ರಿ, ಗವಾಕ್ಷಿ ಸಾಹೇಬ್ರ" ಅಂದ್ಳು. ಅನಬಾರದು, ಆದ್ರ ಆಕಿ ಕೈಲೇ ಬೈಸಿಕೆಂಡ ಮ್ಯಾಲೆ ಒಂದೀಟು ಹಗುರಾತು.

ಮೊನ್ನೆ ತಡೀಲಾರದ ಪ್ರಭುಲಿಂಗನ ಮನಿಗೆ ಹೋಗಿ ಎಲ್ಲ ಹೇಳಿದೆ. ಉಗೀತಾನ, ವರದಿ ಮುಖಕ್ಕ ಒಗೀತಾನ ಅಂದುಕೆಂಡಿದ್ದೆ. ಆ ಮನುಷ್ಯ ಕುಂತಲ್ಲಿಂದ ಪುಟಿದು ಎದ್ದ! "ಅಯ್ಯೋ ಚನ್ನಬಸವರಾಜ್ ಅವರ, ಹಂಗಾದ್ರ ಇದು ಇನ್ನೂ ದೊಡ್ಡ ವಿಷಯ ಆತಲ್ರೀ! ಸಾಮಾಜಿಕ ಇತಿಹಾಸ! ಮುಚ್ಚಾಕ ಬಿಡಲೇಬಾರದು. ಬಾಜೂಕ ಒಂದು ಕಲ್ಲಿನ ಫಲಕ ಹಾಕಿಸೋಣ, ಮುಂದಿನ ಪೀಳಿಗಿ ಓದಲಿ" ಅಂದ. ನೋಡು ನನ್ನ ಹಣೇಬರ. ಸುಳ್ಳು ಹೇಳಿದ್ರೂ ಕಿಂಡಿ ಉಳೀತು, ಖರೇ ಹೇಳಿದ್ರೂ ಕಿಂಡಿ ಉಳೀತು. ಆತ ಕೆಟ್ಟಾಂವ ಅಲ್ಲ, ಮರೀಬಾರದು ಅಂತ ಮನಸಿಟ್ಟ ಹೇಳಿದ್ದು. ಅಲ್ಲಿ ಕುಂತಾಗ ನನಗೂ ಹೌದೇನೋ ಅನಿಸ್ತು.

ನಿನ್ನೆ ಸಂಜಿಕ ಮತ್ತ ಮೀಟಿಂಗ್ ಕರದ್ವಿ. ಪ್ರಭುಲಿಂಗ ಫಲಕದ ಒಕ್ಕಣಿ ಬರಕೆಂಡು ಬಂದಿದ್ದ, ಓದಿದ. ಅಕ್ಷಿತಾ ಪೂರಾ ಕೇಳಿದ್ಳು. ಆಮ್ಯಾಲೆ, "ಸರ್, ಇತಿಹಾಸ ನಿಮ್ದು, ಗ್ವಾಡಿ ನಂದಾ?" ಅಂದ್ಳು. "ಮಂದಿ ಗಲ್ಲ ಹಿಡಕೆಂಡು ಹಲ್ಲು ತೋರಿಸಾಕ ಬರ್ತಾರ. ನಮ್ಮಜ್ಜಿ ಎಲ್ಲಿ ನಿಂತು ಬೊಗಸಿ ಒಡ್ಡಿದ್ಳು ಅಂತ ಬಾಗ್ಲದಾಗ ಓದಿಕೆಂಡು ಒಳಗ ಬರಬೇಕಾ? ನಿಮಗ ನೆನಪು ಉಳೀಬೇಕಂದ್ರ ನಿಮ್ಮ ನಿಮ್ಮ ಮನಿ ಮುಂದ ಹಾಕ್ಕಳ್ರಿ. ನಮಗ ನೆನಪು ಇರಾಕ ಕಲ್ಲು ಬೇಕಾಗಿಲ್ಲ." ಪ್ರಭುಲಿಂಗ ಏನೋ ಹೇಳಾಕ ಹೋದ. ಆಕಿ ಬಿಡಲಿಲ್ಲ. "ಅಲ್ಲ ಸರ್, ಫಲಕದಾಗ ಯಾರ ಹೆಸರು ಹಾಕ್ತೀರಿ? ಕುಡದೋರದಾ, ಹೊಯ್ದೋರದಾ?"

ನಿನ್ನ ಮಗಳಪ್ಪಾ ಆಕಿ. ಆಫೀಸಿನಾಗ ಇಂಜಿನಿಯರ್ ಸಾಹೇಬರ ಮುಂದ ನಿಂತು ತಪ್ಪು ಲೆಕ್ಕ ತೋರಿಸ್ತಿದ್ದ ಓಬಣ್ಣನ್ನ ಕಂಡಂಗಾತು. ನಮ್ಮ ಸುನಂದಾ ಟೀಚರು ಮೊದಲು ಕೈ ಎತ್ತಿದ್ರು, ಮುಚ್ಚಲಿ ಅಂತ. ಅಂಗಡಿ ಗವಿಸಿದ್ದೇಶನೂ ಎತ್ತಿದ. ಪ್ರಭುಲಿಂಗ, ಸಮಿತಿಯಾಗಿರೋ ವಕೀಲರು ಎತ್ತಲಿಲ್ಲ. ಉಳಿದದ್ದು ನನ್ನ ಕೈ. ಎತ್ತಿದೆ, ಆದ್ರ ತಡ ಮಾಡಿ ಎತ್ತಿದೆ, ಎಲ್ಲಾರೂ ಕಾಯಂಗಾತು. ಆಮ್ಯಾಲೆ ಎದ್ದು, ಮೊದಲಿನ ವರದಿ ಸುಳ್ಳು, ಬೇಕಂತ ಬರೆದ ಸುಳ್ಳು ಅಂತ ಹೇಳಿದೆ. ಠರಾವು ಪುಸ್ತಕದಾಗ ನನ್ನ ಕೈಲೇ ಬರೆದೆ, ಇದು ಗವಾಕ್ಷಿ ಅಲ್ಲ, ಹೊಲದಾಗ ದುಡಿದೋರನ್ನ ಹೊಸ್ತಿಲದಾಚೆ ನಿಂದ್ರಿಸಾಕ ನಮ್ಮ ಮನೆತನದೋರು ಮಾಡಿಸಿದ ಕಿಂಡಿ ಅಂತ. ಗುರುವಾರ ಒಪ್ಪಿಗಿ ಪತ್ರ ಅಕ್ಷಿತಾ ಕೈಗೆ ಸಿಗತೈತಿ. ಗಾರಿ ಕೆಲಸದೋರಿಗೆ ಹೇಳಿಡಾಕ ಅಡ್ಡಿಲ್ಲ.

ಆಕಿ ಹೋಗೋ ಮುಂದ ನನ್ನ ಹತ್ರ ಬಂದು, "ಅಪ್ಪಗ ನೀವ ಹೇಳ್ರಿ ಕಾಕಾ, ನಾ ಹೇಳಂಗಿಲ್ಲ" ಅಂದ್ಳು. ಥ್ಯಾಂಕ್ಸ್ ಅನ್ನಲಿಲ್ಲ. ಅಂದಿದ್ರ ನಾ ಅಲ್ಲೇ ನೆಲಕ್ಕ ಇಳೀತಿದ್ದೆ.

ಇಷ್ಟು ಬರೆಯೋದಕ್ಕ ಮೂರು ಸಲ ಹಾಳಿ ಹರಿದೀನಿ. ಕ್ಷಮಾ ಕೇಳೋದು ಹೆಂಗ ಅಂತ ಈ ವಯಸಿನಾಗ ಕಲಿಯಾಕ ಹತ್ತೀನಿ ನೋಡು. ನಾಚಿಕಿ ಆಗತೈತಿ ಓಬಣ್ಣ. ನೀನು ನನ್ನ ಮನಿಯಾಗ ನೂರು ಸಲ ಉಂಡಿ, ನಾನು ನಿನ್ನ ಮನಿಯಾಗ ಉಂಡೀನಿ, ಎಲ್ಲ ತೀರಿತು ಅಂದುಕೆಂಡಿದ್ದೆ. ಒಂದು ಕಾಗದ ಕೈಗೆ ಬಂದ ಕೂಡ್ಲೆ ದೊಡ್ಡಪ್ಪ ನನ್ನೊಳಗಿಂದ ಎದ್ದು ಬಂದು ಕುಂತ.

ಅಕ್ಷಿತಾ ನೂರ್ಕಾಲ ಚಂದಾಗಿ ಬಾಳಲಿ, ದವಾಖಾನಿ ಮುಂದ ಮಂದಿ ಸಾಲು ಹಚ್ಚಲಿ. ಊರಮ್ಮವ್ವಗ ನನ್ನ ನಮಸ್ಕಾರ ಹೇಳು. ಬ್ಯಾಡ, ಹೇಳಬ್ಯಾಡ. ಬಾ ಅಂದ್ರ ನಾನ ಸಿರುಗುಪ್ಪಕ್ಕ ಬಂದು ಕಾಲು ಮುಟ್ಟಿ ಹೇಳ್ತೀನಿ. ಬಾ ಅನ್ನದಿದ್ರೂ ನಿನ್ನ ಮ್ಯಾಲೆ ನನಗೇನು ಬ್ಯಾಸರಿಲ್ಲ.

ಇಂತಿ ನಿನ್ನ
ಚನ್ನಬಸ್ಯಾ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತ ಬಿಚ್ಚೀನಿ. ದೊಡ್ಡಪ್ಪನ ಮಾನಕ್ಕ ಬರೆದೆ ಅಂತ ಮ್ಯಾಲೆ ಹೇಳೀನಲ್ಲ, ಅದು ಅರ್ಧಾನ ಖರೆ.

ಆಫೀಸಿಗೆ ಸೇರಿದ ಹೊಸತರಾಗ ನೀನು ಒಮ್ಮೆ ಹೇಳಿದ್ದಿ. ಆರನೇತ್ತೆ ಇದ್ದಾಗ ಒಂದು ಶನಿವಾರ ಅವ್ವನ ಜೋಡಿ ಆ ಮನಿಗೆ ಹೋಗಿದ್ದೆ, ಕಿಂಡಿಲಿಂದ ಯಾರೋ ನೀರು ಹೊಯ್ದ್ರು, ಒಂದ ಮಾತೂ ಆಡದ ಎರಡೆರಡು ಸಲ ಹೊಯ್ದ್ರು, ದಯಾ ಇದ್ದ ಕೈ ಅಂತ. ನಮ್ಮ ದೊಡ್ಡವ್ವ ಇರಬೇಕು ಅಂದೆ ನಾನು. ದೊಡ್ಡವ್ವ ಆವತ್ತು ಊರಾಗ ಇದ್ದಿಲ್ಲ ಓಬಣ್ಣ. ಅದು ನಾನು.

ಆವತ್ತು ಮುಂಜಾನಿ ಸಾಲಿಯಾಗ ಒಂದ ಬೆಂಚಿನಾಗ ಕುಂತು ನನ್ನ ನಕಾಶಿ ನೀನು ತಿದ್ದಿ ಕೊಟ್ಟಿದ್ದಿ. ಮಧ್ಯಾಹ್ನ ಕೆಳಗ ಬೊಗಸಿ ಒಡ್ಡಿಕೆಂಡು "ಯವ್ವಾ, ನೀರು" ಅಂದಿ. ಮಾತಾಡಿದ್ರ ಗುರುತು ಹಿಡೀತಿ ಅಂತ ಬಾಯಿ ತೆಗೀಲಿಲ್ಲ. ಎರಡನೇ ಸಲ ಹೊಯ್ದದ್ದು ದಯಾ ಅಲ್ಲ. ಮೊದಲನೇ ಸಲ ಕಣ್ಣು ಮುಚ್ಚಿ ಹೊಯ್ದಿದ್ದೆ, ನೀರೆಲ್ಲ ರಸ್ತೆಕ್ಕ ಹೋತು. ಮನಿಯಾಗ ದೊಡ್ಡೋರು ಯಾರೂ ಇದ್ದಿಲ್ಲ. ಒಳಗ ಕರೀಬ್ಯಾಡ ಅಂತ ನನಗ ಯಾರೂ ಹೇಳಿದ್ದಿಲ್ಲ. ತಲಿಬಾಗ್ಲ ತೆರದ ಇತ್ತು. ಓಣಿ ತುದಿಗೆ ನೀನು ಬರೋದು ಕಂಡು, ನಾನ ಓಡಿ ಹೋಗಿ ಬಾಗ್ಲ ಹಾಕಿದೆ.