ಹೋಲ್ಡ್ ಬ್ಯಾಕ್ ಎಂದರೆ

ಜೂನ್ ೧೪

ಪ್ರೀತಿಯ ತಂಗಿಗೆ,

ನಿನ್ನ ಎರಡೂ ಕಾಗದ ಕೈಸೇರಿವೆ. ಉತ್ತರ ತಡವಾಯಿತು, ಬೈಯಬೇಡ. ಉತ್ತರಪತ್ರಿಕೆ ತಿದ್ದಿ ಮುಗಿಸುವಷ್ಟರಲ್ಲಿ ಶಾಲೆ ಮತ್ತೆ ಶುರುವಾಯಿತು. ನಿನ್ನ ಭಾವನಿಗೆ ಬೆನ್ನುನೋವು, ಅಡುಗೆಮನೆಯ ನಲ್ಲಿ ಸೋರುತ್ತಿದೆ. ಡಾಕ್ಟರಮ್ಮನಿಗೆ ಕೂತು ಊಟ ಮಾಡಲಾದರೂ ಪುರುಸೊತ್ತು ಸಿಗುತ್ತಿದೆಯೇ?

ನಿನ್ನ ಪುಟ್ಟಿಯ ಫಲಿತಾಂಶ ಏನಾಯಿತೆಂದು ಕೇಳಿದ್ದೀಯ. ನೀನು ನನ್ನ ಬಳಿ ಬಿಟ್ಟುಹೋದಂದಿನಿಂದ ಅವಳನ್ನು ನನ್ನ ಮಗಳಂತೆಯೇ ನೋಡಿಕೊಂಡಿದ್ದೇನೆ. ನನ್ನ ಮಗಳಿಗೂ ಅವಳಿಗೂ ಒಂದೇ ಕೋಣೆ, ಒಂದೇ ತರಗತಿ. ಆದರೆ ಇಂಗ್ಲಿಷಿನಲ್ಲಿ ಪಾಸಾಗಲು ಅವಳಿಗೆ ಎರಡು ಅಂಕ ಕಡಿಮೆ ಬಿತ್ತು. ಪತ್ರಿಕೆ ತಿದ್ದಿದವಳು ನಾನೇ.

"ಎರಡು ಮಾರ್ಕ್ ತಾನೆ, ಹಾಕ್ಬಿಡಿ ಟೀಚರ್. ಹುಡುಗಿ ಚುರುಕಾಗಿದಾಳೆ" ಎಂದರು ಹೆಡ್‌ಮಿಸ್ಟ್ರೆಸ್.

"ನಮ್ಮನೆ ಹುಡುಗಿ ಅಂತ ಹಾಕಿದ್ರೆ ನಾಲ್ಕು ಜನ ಏನಂತಾರೆ ಮೇಡಂ?" ಎಂದೆ. ನನ್ನ ಪ್ರಾಮಾಣಿಕತೆ ಮೆಚ್ಚಿ ಅವರು ಫಲಿತಾಂಶದ ಪಟ್ಟಿಗೆ ಸಹಿ ಹಾಕಿದರು.

ತಮಾಷೆ ಕೇಳು. ಪರೀಕ್ಷೆಗೆ ಮುಂಚೆ ನಾನೇ ತರಗತಿಯಲ್ಲಿ 'ಹೋಲ್ಡ್ ಬ್ಯಾಕ್' ಪಾಠ ಮಾಡಿದ್ದೆ. ಅಳು ನುಂಗಿಕೊಳ್ಳುವುದು, ಗೊತ್ತಿದ್ದೂ ಬಾಯಿಬಿಡದಿರುವುದು, ಮುನ್ನುಗ್ಗುವವರನ್ನು ತಡೆಯುವುದು ಎಂದು ಮೂರು ಅರ್ಥ ಬೋರ್ಡಿನ ಮೇಲೆ ಬರೆದೆ. ಪುಟ್ಟಿ ಎದ್ದುನಿಂತು, ನಾಯಿಯನ್ನು ತಡೆಯಲು ಹೋಗಿ ತಾನೇ ಬಿದ್ದ ವಾಚ್‌ಮನ್ನನ ಮೇಲೆ ವಾಕ್ಯ ಮಾಡಿ ಎಲ್ಲರನ್ನೂ ನಗಿಸಿದಳು. ನಾಲ್ಕನೆಯ ಅರ್ಥ ನಾನು ಹೇಳಲಿಲ್ಲ. ಫಲಿತಾಂಶದ ದಿನ ನೋಟಿಸ್ ಬೋರ್ಡಿನಲ್ಲಿ ತನ್ನ ಹೆಸರಿನ ಮುಂದೆ ಅದೇ ಪದ ಕಂಡು ಓಡಿಬಂದಳು.

"ದೊಡ್ಡಮ್ಮ, ಯಾರು ನನ್ನ ಹಿಡ್ಕೊಂಡಿರೋದು?"

"ಅದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರ್ಬೇಕು ಅಂತ ಅರ್ಥ ಕಣೇ."

ನಕ್ಕಳು. ನಾನು ಚುಡಾಯಿಸುತ್ತಿದ್ದೇನೆ ಎಂದುಕೊಂಡಳು ಪಾಪ.

ಶಾಲೆ ಶುರುವಾದ ದಿನ ಬ್ಯಾಗು ಹೆಗಲಿಗೇರಿಸಿ ಗೆಳತಿಯರ ಜೊತೆ ಮುಂದಿನ ತರಗತಿಯಿರುವ ಮಹಡಿಯ ಮೆಟ್ಟಿಲು ಹತ್ತಿಯೇಬಿಟ್ಟಳು. ಜವಾನ ಹೋಗಿ ತೋಳು ಹಿಡಿದು ಇಳಿಸಿಕೊಂಡು ಬಂದ. ನನ್ನ ಮಗಳು ಹಿಂದಿರುಗಿಯೂ ನೋಡದೆ ಮೇಲೆ ಹೋದಳು, ಜಾಣೆ. ಪುಟ್ಟಿ ಅಳಲಿಲ್ಲ. ಈಗ ತನಗಿಂತ ಗೇಣು ಕುಳ್ಳಗಿರುವ ಮಕ್ಕಳ ಹಿಂದೆ, ಕೊನೆಯ ಬೆಂಚಿನಲ್ಲಿ ಬೆನ್ನು ಬಾಗಿಸಿ ಕೂರುತ್ತಾಳೆ. ಉಗುರು ಕಚ್ಚಿ ಕಚ್ಚಿ ಬೆರಳೆಲ್ಲ ಗಾಯ. ದಿನವೂ ನಾನೇ ಮುಲಾಮು ಹಚ್ಚುತ್ತೇನೆ, ಚಿಂತೆ ಬೇಡ.

ರೋಗಿಗಳ ನಡುವೆ ನಿನ್ನ ಆರೋಗ್ಯ ಮರೆಯಬೇಡ. ನಿನ್ನ ಕೈಗುಣ ಇನ್ನೂ ಹೆಚ್ಚಲಿ, ನೂರ್ಕಾಲ ಸುಖವಾಗಿರು.

ನಿನ್ನ
ಅಕ್ಕ

ವಿ.ಸೂ.: ನಾನು ಏಳನೆಯ ತರಗತಿ ಪಾಸಾದ ವರ್ಷ ನಿನಗೆ ನೆನಪಿದೆಯೇ? ಹೈಸ್ಕೂಲು ದೂರವಿತ್ತು. "ಅಕ್ಕ ಇಲ್ದಿದ್ರೆ ನಾನು ಸ್ಕೂಲಿಗೆ ಹೋಗಲ್ಲ" ಎಂದು ನೀನು ನೆಲಕ್ಕೆ ಬಿದ್ದು ಹೊರಳಾಡಿದೆ. ಅಪ್ಪ ಮೇಷ್ಟ್ರಿಗೆ ಹೇಳಿ, ಪಾಸಾದ ನನ್ನನ್ನು ಇನ್ನೊಂದು ವರ್ಷ ಏಳರಲ್ಲೇ ನಿನ್ನ ಪಕ್ಕ ಕೂರಿಸಿದರು. ಆಮೇಲೆ ಎಲ್ಲದರಲ್ಲೂ ನೀನೇ ಮುಂದು. ನೀನು ಮೆಡಿಕಲ್ ಸೇರಿದೆ, ನನ್ನನ್ನು ತೋರಿಸಿ "ಇವಳಿಗೆ ಟೀಚರ್ ಟ್ರೈನಿಂಗ್ ಸಾಕು" ಎಂದರು ಅಪ್ಪ.

ಮೊನ್ನೆ ಪುಟ್ಟಿ ಮತ್ತೆ ಕೇಳಿದಳು, "ನಿಜ ಹೇಳು ದೊಡ್ಡಮ್ಮ, ಯಾರು ಹೀಗೆ ಮಾಡಿಸಿದ್ದು?"

"ನಿಮ್ಮಮ್ಮ ಕಣೇ. ನಿನ್ನನ್ನ ಅದೇ ಕ್ಲಾಸಲ್ಲಿ ಕೂರಿಸು ಅಂತ ಅವಳೇ ಕಾಗದ ಬರೆದಿದ್ಳು" ಎಂದೆ.

ನಂಬಿದಳು.