ಸಡಿಲ ಕಟ್ಟಿದ ಬಟ್ಟೆ

ಜನವರಿ 7, 1990. ಭಾನುವಾರ

ರಿಹರ್ಸಲ್ ಹತ್ತಕ್ಕೆ ಎಂದರೆ ಹನ್ನೊಂದೂವರೆ. ತಡವಾಗಿ ಬಂದದ್ದು ದತ್ತಣ್ಣ, ಬೈಸಿಕೊಂಡದ್ದು ನಾವು. ವಾರವೆಲ್ಲ ಸರಕಾರಿ ಆಫೀಸಿನಲ್ಲಿ ಫೈಲು ಕಟ್ಟುವ ಮನುಷ್ಯ, ಭಾನುವಾರ ಬೀದಿಗಿಳಿದರೆ ಪೂರಾ ಬೇರೆ. ನಮ್ಮ 'ಪಂಗತಿ' ತಂಡ ಅವನದೇ ಹುಚ್ಚು. ಉಳಿದ ಬೀದಿ ನಾಟಕದವರು ಘೋಷಣೆ ಕೂಗುತ್ತಾರೆ. ನಾವು ಹಬ್ಬ ಮಾಡುತ್ತೇವೆ. ಹಾಡು, ಕುಣಿತ, ಬೀದಿಯಲ್ಲೇ ಒಲೆ ಹೂಡಿ ಹುಗ್ಗಿ.

"ನಮ್ಮ ನಾಟಕದಾಗ ಅಳೂದು ಇಲ್ಲ," ಇವತ್ತೂ ಹೇಳಿದ. "ಅಳೂದು ಜನಕ್ಕ ನಾವು ಕಲಿಸಬೇಕೇನು?"

ನನ್ನವು ಎರಡು ಕೆಲಸ. ಅಡುಗೆ, ಮತ್ತು ಮೂಗಿನ ಆಟ. ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಜನ ಮನೆಯಿಂದ ಏನಾದರೂ ತರುತ್ತಾರೆ — ಇಂಗು, ಮರುಗ, ಅತ್ತರು, ಗಂಡನ ಬೀಡಿ ಕಟ್ಟು. ಮೂಸಿ ಹೆಸರು ಹೇಳಬೇಕು. ಐದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಬೇಗಂಪೇಟೆಯ ಆಫೀಸಿನಲ್ಲಿ ಬರೀ ಟೈಪಿಸ್ಟು ಗೋದಾವರಿ, ಬೀದಿಯಲ್ಲಿ ಮೂಗಿನ ಗೋದಾವರಿ. ಭಾಳ ಸೊಕ್ಕು ಇತ್ತು.

ನವೆಂಬರಿನ ಜ್ವರದ ನಂತರ ಮೂಗಿಗೆ ಏನೂ ತಿಳಿಯುತ್ತಿಲ್ಲ. ಇಂಗೂ ಒಂದೇ, ಇಟ್ಟಿಗೆಯೂ ಒಂದೇ. ಕೋಠಿಯ ಡಾಕ್ಟರು, ವಾಸನೆ ತಿರುಗಿ ಬಂದರೆ ಬರಬಹುದು ಎಂದರು. ಯಾರಿಗೂ ಹೇಳಿಲ್ಲ. ಅಮ್ಮನಿಗೂ.

ಜನವರಿ 14. ಸಂಕ್ರಾಂತಿ. ಮಧ್ಯಾಹ್ನ 3

ಕೋಠಿ ಶೋ ಮುಗಿಯಿತು. ಸಿಕ್ಕಿಬೀಳಲಿಲ್ಲ!

ಬಟ್ಟೆ ಕಟ್ಟುವುದು ಶಿವದೇವಿ, ಹಲಗೆ ಬಾರಿಸುವ ಹುಡುಗಿ. ತಲೆನೋವು, ಸಡಿಲ ಕಟ್ಟು ಎಂದೆ. ಕಟ್ಟಿದಳು. ಮೂಗಿನ ಪಕ್ಕದ ಸಂದಿನಲ್ಲಿ ಎಲ್ಲ ಕಾಣುತ್ತದೆ. ಮೂಸುವ ಹಾಗೆ ಮಾಡಿ, ನೋಡಿ ಹೇಳಿದೆ. ಸೀಟಿ, ಚಪ್ಪಾಳೆ.

ಹುಗ್ಗಿಯೇ ಕಷ್ಟ. ತಂಡದ ನೇಮ — ಮಾಡಿದವರು ರುಚಿ ನೋಡುವಂತಿಲ್ಲ. ಮನೆಯಲ್ಲಿ ನೈವೇದ್ಯದ ಅಡುಗೆಗೆ ಇರುವುದೇ. ದತ್ತಣ್ಣನ ಪ್ರಕಾರ ಇಲ್ಲಿ ಜನರೇ ದೇವರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಿಗೆ ಮೊದಲ ಚಮಚ. ಉಪ್ಪು ಸರಿಯಿದೆಯೋ ಎಂಬುದನ್ನು ಹಬೆಯ ವಾಸನೆಯಲ್ಲೇ ತಿಳಿಯಬೇಕು, ಅಮ್ಮ ನನಗೆ ಕಲಿಸಿದ ಹಾಗೆ. ಇವತ್ತು ಅಂದಾಜಿಗೆ ಹಾಕಿದೆ. ಯಾರೂ ಮುಖ ಕಿವುಚಲಿಲ್ಲ.

ಒಂದು ಸಲ ಮೋಸ ಮಾಡಿ ದಕ್ಕಿಸಿಕೊಂಡರೆ ಎಷ್ಟು ಹಗುರ... ನಾಚಿಕೆಯೂ ಆಯಿತು. ಸ್ವಲ್ಪ.

ಜನವರಿ 28. ಭಾನುವಾರ. ಸಂಜೆ

ಪಟಾನ್‌ಚೆರು. ಊರಾಚೆ, ಫ್ಯಾಕ್ಟರಿ ಕೆಲಸಗಾರರ ಓಣಿ. ಬೀದರ್, ಗುಲ್ಬರ್ಗಾ ಕಡೆಯವರೇ ಹೆಚ್ಚು, ಹಾಗಾಗಿ ಆಟ ತೆಲುಗು ಬೆರೆಸದೆ ಪೂರಾ ಕನ್ನಡದಲ್ಲಿ. ಹುಗ್ಗಿಗೆ ನೀರು ಸಿಟಿಯಿಂದಲೇ ಒಯ್ದಿದ್ದೆವು. ಮೊದಲ ಚಮಚ ಅಂಬವ್ವ ಎಂಬ ಮುದುಕಿಗೆ. ಹಲ್ಲಿಲ್ಲ. ನನ್ನ ಕೆನ್ನೆ ಸವರಿ, "ಭಾಳ ಚಲೋ ಆಗೈತಿ ತಾಯಿ" ಎಂದಳು.

ಮೂಗಿನ ಆಟಕ್ಕೆ ಆಕೆಯ ಸೊಸೆ ಬಸಲಿಂಗಮ್ಮ ಬಂದಳು. ತುಂಬಿದ ಬಸುರಿ. ಹಿತ್ತಾಳೆ ಲೋಟ ತಂದು ಶಿವದೇವಿಯ ಕೈಗೆ ಕೊಟ್ಟಳು. ಸಂದಿನಲ್ಲಿ ನೋಡಿದೆ. ನೀರು. ತಿಳಿ, ತಳ ಕಾಣುತ್ತಿತ್ತು.

"ನೀರು! ಬರೇ ನೀರು! ವಾಸನಿನ ಇಲ್ಲ ಇದಕ್ಕ!" ಎಂದು ಕೂಗಿದೆ.

"ಖರೇನ್ರಿ? ಏನೂ ವಾಸನಿ ಇಲ್ಲೇನ್ರಿ?"

"ಇಲ್ಲಂದ್ರ ಇಲ್ಲವ್ವಾ!"

ಚಪ್ಪಾಳೆ. ಬಸಲಿಂಗಮ್ಮ ಕೈ ಮುಗಿದಳು. ಯಾಕೆ ಎಂದು ಆಗ ಯೋಚಿಸಲಿಲ್ಲ.

ಬಸ್ಸಿನಲ್ಲಿ ಶಿವದೇವಿ ಕೇಳಿದಳು, "ಅಕ್ಕಾ, ಆ ನೀರಿಗೆ ನಿಜವಾಗ್ಲೂ ವಾಸನಿ ಇರಲಿಲ್ಲೇನು? ನನಗ ಔಷಧದ ಬಾಟ್ಲಿ ತೊಳದಂಗ ಬಂತು. ನೀನ ಇಲ್ಲ ಅಂದ ಮ್ಯಾಲ, ನನ್ನ ಮೂಗ ತಪ್ಪಿರಬೇಕು ಅಂತ ಸುಮ್ಮನಾದೆ."

ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ.

ಫೆಬ್ರವರಿ 4

ಪಟಾನ್‌ಚೆರುಗೆ ಹೋಗಿ ಹೇಳಿ ಬರಬೇಕು. ಒಂದೇ ಬಸ್ಸು. ಹೋಗಲಿಲ್ಲ. ರಿಹರ್ಸಲ್ ಇತ್ತು.

ಫೆಬ್ರವರಿ 11

ಇವತ್ತೂ ಇಲ್ಲ.

ಮಾರ್ಚ್ 11. ಹೋಳಿ

ಬಣ್ಣದ ಶೋ. ಎಲ್ಲರೂ ಕೆಂಪು, ಹಸಿರು. ಮುಖ ತೊಳೆಯುವಾಗ ದತ್ತಣ್ಣ ಹೇಳಿದ — "ಪಟಾನ್‌ಚೆರುದಾಗ ಮೊದಲ ಚಮಚ ತಿಂದ ಮುದುಕಿ ಇದ್ದಳಲ್ಲ, ಅಂಬವ್ವ? ತೀರಿಕೊಂಡಳಂತ. ಮಗ ಸೂಗಪ್ಪ ಏನೋ ಕೆಲಸಕ್ಕ ನಮ್ಮ ಆಫೀಸಿಗೆ ಬಂದಿದ್ದ. ಒಂದ ತಿಂಗಳ ವಾಂತಿ, ಭೇದಿ. ವಯಸ್ಸಾಗಿತ್ತು ಬಿಡು."

ಬಕೀಟಿನ ಮುಂದೆ ಹಾಗೆಯೇ ನಿಂತುಬಿಟ್ಟೆ. "ಬಣ್ಣ ಕಣ್ಣಿಗೆ ಹೋತೇನು?" ಎಂದ. ಹೂಂ ಎಂದೆ.

ಮಾರ್ಚ್ 18. ಭಾನುವಾರ

ಹೋಗಿ ಬಂದೆ. ಒಬ್ಬಳೇ.

ಬಸಲಿಂಗಮ್ಮನಿಗೆ ಹೆಣ್ಣು ಕೂಸು, ಇಪ್ಪತ್ತು ದಿನದ್ದು. ಚಾಪೆ ಹಾಸಿದಳು. ಅವಳಾಗಿಯೇ ಹೇಳತೊಡಗಿದಳು.

"ನಮ್ಮ ಬಾವಿ ನೀರು ಕೆಟ್ಟಿತ್ರಿ. ಅತ್ತಿ ಹೊಟ್ಟಿ ಸೂಕ್ಷ್ಮ ಅಂತ ಹೆದ್ದಾರಿ ನಳದಿಂದ ದಿನಾ ಎರಡ ಕೊಡ ಹೊರತಿದ್ದೆ. ಹೊಟ್ಟಿ ಮುಂದ ಬಂತು, ಹೊರೂದು ಆಗವಲ್ದು. ಬಾವಿ ಈಗ ಸುಧಾರಿಸೈತಿ ಅಂದ್ರು ಮಂದಿ. ನನಗ ಹ್ಯಾಂಗ ತಿಳೀಬೇಕ್ರಿ? ಫ್ಯಾಕ್ಟರ್ಯಾಗ ಆರ ವರ್ಷ ದುಡದು ನನ್ನ ಮೂಗ ಸತ್ತೈತಿ. ಅದಕ್ಕ ನಿಮ್ಮ ಕಡೆ ತಂದಿದ್ದೆ. ನೀವು ಇಲ್ಲ ಅಂದ್ರಿ. ಕೊಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಆಕಿ ಆಯುಷ್ಯ ಅಷ್ಟ ಇತ್ತು" ಎಂದಳು. ಎದ್ದು ಒಳಗೆ ಹೋದಳು. ಅದೇ ಹಿತ್ತಾಳೆ ಲೋಟ.

"ಬಂದೀರಿ, ಒಮ್ಮೆ ನೋಡ್ರಿ. ಕೂಸಿಗೆ ಎರಡ ಹನಿ ಕೊಡಬಹುದೇನ್ರಿ?"

ಕಣ್ಣಿಗೆ ಬಟ್ಟೆ ಇರಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಲೋಟ ಮೂಗಿನ ಹತ್ತಿರ ತಂದೆ. ಏನೂ ಇಲ್ಲ.

"ವಾಸನಿ ಅದ. ಕೊಡಬ್ಯಾಡ್ರಿ," ಎಂದೆ.

"ಹಾಂಗಾರ ಅವತ್ತು?"

"ಅವತ್ತು ಇರಲಿಲ್ಲ."

ತಲೆ ಆಡಿಸಿದಳು. ನಂಬಿದಳು. ಕೊಡ ಎತ್ತಿ ಸೊಂಟಕ್ಕಿಟ್ಟು, ಕೂಸನ್ನು ಪಕ್ಕದ ಮನೆಗೆ ಕೊಟ್ಟು, ಹೆದ್ದಾರಿಯ ತನಕ ನನ್ನ ಜೊತೆಯೇ ಬಂದಳು. ಬಸ್ಸು ಬರುವವರೆಗೂ ನಿಂತಿದ್ದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನ್ನಂಥ ಹೇಡಿ ಇಲ್ಲ.

ಮಾರ್ಚ್ 26

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಮೂಗಿನ ವಿಷಯ ಮಾತ್ರ. ಮುಂದಿನದು ಬಾಯಿಂದ ಬರಲಿಲ್ಲ. ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ನವೆಂಬರದಾಗಿಂದ? ಮತ್ತ ದೇವರ ಅಡಿಗಿ ಹ್ಯಾಂಗ ಮಾಡಿದಿ?"

"ಅಂದಾಜಿಗೆ."

ಹೊಸೆದ ಬತ್ತಿಗಳನ್ನು ಒಂದೊಂದೇ ತಟ್ಟೆಗೆ ಜೋಡಿಸಿದಳು. ಆಮೇಲೆ, "ದೇವರಿಗೆ ನಡೀತದವ್ವಾ. ಮಂದಿಗೆ?" ಎಂದಳು.

ಮಾರ್ಚ್ 27. ಉಗಾದಿ. ಬೆಳಿಗ್ಗೆ 7

ಹತ್ತಕ್ಕೆ ಕೋಠಿಯಲ್ಲಿ ಶೋ. ಬೇವು ಬೆಲ್ಲ ಸಿದ್ಧ. ಈ ಸಲ ಮಾಡಿದ್ದು ಅಮ್ಮ.

ಶಿವದೇವಿ ಸಾಮಾನು ಒಯ್ಯಲು ಬಂದಿದ್ದಾಳೆ. ಇವತ್ತು ಬಟ್ಟೆ ಗಟ್ಟಿ ಕಟ್ಟು ಎಂದೆ. "ತಲಿನೋವು ಹೋತೇನು?" ಎಂದಳು. ಏನೂ ಕಾಣಬಾರದು, ಎರಡು ಸುತ್ತು ಕಟ್ಟು ಎಂದೆ. ನಗುತ್ತಿದ್ದವಳು ನನ್ನನ್ನೇ ನೋಡಿ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡಳು. ಅವಳಿಗೆ ಅರ್ಥವಾಯಿತು ಎನಿಸುತ್ತದೆ. ಬಸ್ಸಿನಲ್ಲಿ ಕೇಳಿದ್ದು ನೆನಪಾಗಿರಬೇಕು.

ದತ್ತಣ್ಣ ಸೂಗಪ್ಪನಿಗೆ ಹೇಳಿ ಕಳಿಸಿದ್ದಾನೆ. ಗಂಡ ಹೆಂಡತಿ, ಕೂಸು, ಮೂವರೂ ಬರುತ್ತಾರಂತೆ. ಕೂಸಿಗೆ ಮೊದಲ ಉಗಾದಿ. ಬಸಲಿಂಗಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಜನ ಮಲ್ಲಿಗೆ ತರಲಿ, ಮಾವಿನಕಾಯಿ ತರಲಿ, ನೀರೇ ತರಲಿ — ಮೂಗಿನ ಹತ್ತಿರ ಹಿಡಿದು, ಬಟ್ಟೆ ಬಿಚ್ಚಿ, ಬಸಲಿಂಗಮ್ಮನ ಕಡೆಗೇ ತಿರುಗಿ ಹೇಳುತ್ತೇನೆ. ಬರೆದೇ ನೋಡುತ್ತೇನೆ, ಬಾಯಿಗೆ ರೂಢಿಯಾಗಲಿ. ಬಸಲಿಂಗಮ್ಮಾ, ಅವತ್ತು ನನಗೆ